ಗುರುವಾರದ ನೀರು

ಮಾದಬಾದಲ್ಲಿ ನೀರು ಬರುವುದು ವಾರಕ್ಕೊಮ್ಮೆ,
ನಮ್ಮ ಬೀದಿಗೆ ಗುರುವಾರ, ಊರೆಲ್ಲ ಮಲಗಿದ ಮೇಲೆ.
ಮೊದಲು ಕೊಳಾಯಿ ಕೆಮ್ಮುತ್ತದೆ, ಗಾಳಿ ಉಗುಳುತ್ತದೆ,
ಆಮೇಲೆ ಮಾಳಿಗೆಯ ತಗಡಿನ ತೊಟ್ಟಿಯೊಳಗೆ
ಬಹಳ ದಿನದ ನೆಂಟರು ಚೀಲ ಇಳಿಸಿದ ಸದ್ದು.
ಅತ್ತೆ ವದಾದ್ ಎದ್ದು ಕೂತು ಶಿಲುಬೆಯ ಗುರುತು ಹಾಕಿಕೊಂಡು
ಕತ್ತಲಲ್ಲೇ ಚಪ್ಪಲಿಗೆ ತಡಕಾಡುತ್ತಾಳೆ.

'ನೀರಿನ ಹಾಗೆ ಖರ್ಚು' ಎಂಬ ಮಾತು
ಈ ಮನೆಯಲ್ಲಿ ಯಾರ ಬಾಯಿಗೂ ಬಂದಿಲ್ಲ.
ಅಕ್ಕಿ ತೊಳೆದ ನೀರು ತರಕಾರಿಗೆ,
ತರಕಾರಿಯದು ನೆಲಕ್ಕೆ, ನೆಲದ್ದು ನಿಂಬೆಯ ಗಿಡಕ್ಕೆ.
ಮಕ್ಕಳು ಮಿಂದದ್ದು ಬಕೆಟ್ಟಿನಲ್ಲಿ
ಕಕ್ಕಸಿನ ಬಾಗಿಲ ಬಳಿ ಸರದಿ ಕಾಯುತ್ತದೆ.
ದೇವರು ಲೆಕ್ಕ ಕೇಳುವುದು ಮೊದಲು ಇದನ್ನೇ, ಅನ್ನುತ್ತಾಳೆ ಅತ್ತೆ,
ಪ್ರಾರ್ಥನೆಯ ಲೆಕ್ಕ ಆಮೇಲೆ.

ನಲವತ್ತು ದಿನ ಉಪವಾಸ ಹಿಡಿದಿದ್ದೆ.
ಮಾಂಸ ಬಿಟ್ಟೆ, ಸಿಹಿ ಬಿಟ್ಟೆ,
ಪ್ರಾಣದಂಥ ಕಾಫಿಯನ್ನೂ ಬಿಟ್ಟೆ,
ಬಿಟ್ಟದ್ದನ್ನು ನಾಲ್ಕು ಮಂದಿಗೆ ಹೇಳಿಯೂ ಇದ್ದೆ.
ತೊಟ್ಟಿಯ ತೇಲುಗುಂಡು ಮಾತ್ರ ಸಿಕ್ಕಿಹಾಕಿಕೊಂಡಿತ್ತು.
ಗೊತ್ತಿತ್ತು ನನಗೆ.
ಹಬ್ಬ ಕಳೆಯಲಿ, ನೋಡೋಣ ಅಂದಿದ್ದೆ.

ಪವಿತ್ರ ಗುರುವಾರ. ಚರ್ಚಿನಲ್ಲಿ ಅಬೂನಾ ಫಾಯಿಕ್
ಹನ್ನೆರಡು ಮಂದಿಯ ಪಾದ ತೊಳೆದರು, ಒಂದೇ ಹೂಜಿಯಲ್ಲಿ.
ಹನ್ನೆರಡನೆಯವನು ಬೇಕರಿಯ ನಾಯಿಫ್,
ಅವನ ಹಿಮ್ಮಡಿಗೆ ಬಂದಾಗ ಹೂಜಿಯಲ್ಲಿ ಉಳಿದದ್ದು ಒಂದು ಗುಟುಕು.
ಕಣ್ಣು ತುಂಬಿ ಬಂದಿತ್ತು. ಮನೆಗೆ ಬಂದು ಸತ್ತ ಹಾಗೆ ಮಲಗಿದೆವು,
ಅತ್ತೆ ಕೂಡ.

ತೊಟ್ಟಿ ತುಂಬಿತು.
ತುಂಬಿದ್ದು ತನಗೇ ತಿಳಿಯದೆ ಇನ್ನೂ ತುಂಬಿತು.
ಗೋಡೆ ಇಳಿಯಿತು, ಮೆಟ್ಟಿಲು ಇಳಿಯಿತು,
ಬೀದಿಯ ಇಳಿಜಾರು ಹಿಡಿದು ಕತ್ತಲಲ್ಲಿ ನಡೆದೇ ಹೋಯಿತು.
ಹನಿ ಹನಿ ಕೂಡಿದರೆ ಹಳ್ಳ, ಸರಿ.
ಹಳ್ಳವೇ ಹೊರಟು ಹೋದರೆ
ಯಾವ ಹನಿಯನ್ನು ಹಿಡಿದು ಕೇಳುವುದು?

ಬೆಳಗಿನ ಜಾವ ಕಿಟಕಿ ತೆರೆದೆ.
ಕೆಳಮನೆಯ ಉಮ್ ಯಮಾನ್, ದರಾದಿಂದ ಓಡಿ ಬಂದವಳು,
ಕೊಳವೆಯ ಕಡೆಯ ತುದಿಯಲ್ಲಿದೆ ಅವಳ ತೊಟ್ಟಿ,
ಎರಡು ವಾರದಿಂದ ಅದಕ್ಕೆ ಒದ್ದೆಯ ನೆನಪಿಲ್ಲ.
ನಮ್ಮ ಗೋಡೆಗೆ ಬೋಗುಣಿ ಒಡ್ಡಿಕೊಂಡು ನಿಂತಿದ್ದಳು.
ಪಕ್ಕದಲ್ಲಿ ತುಂಬಿದ ಕೊಡ, ಬಾಣಲೆ, ಮಗುವಿನ ಟಬ್ಬು.
ಬಾಗಿಲು ಬಡಿಯಬಾರದಿತ್ತೇ ಅಂದೆ.
ನಿಮ್ಮ ಹಬ್ಬದ ರಾತ್ರಿ, ಅಂದಳು,
ಹೇಗೆ ಎಬ್ಬಿಸಲಿ?

ಶುಕ್ರವಾರ ಪಾಪನಿವೇದನೆಗೆ ಮೊಣಕಾಲೂರಿದೆ.
ಸುಳ್ಳಲ್ಲ, ಕಳವಲ್ಲ, ತೇಲುಗುಂಡು ಅಂದೆ.
ಅಬೂನಾ ನಗಲಿಲ್ಲ.
ಪಿಲಾತನೂ ನೀರು ಬಳಸಿದ, ಒಂದೇ ಬಟ್ಟಲು,
ಅಷ್ಟರಲ್ಲೇ ಕೈ ತೊಳೆದುಕೊಂಡುಬಿಟ್ಟ, ಅಂದರು.
ಪ್ರಾಯಶ್ಚಿತ್ತ ಏನೆಂದು ಕೇಳಿದೆ.
ಗುಂಡಿನ ತಿರುಪು ಎಷ್ಟು ಇಂಚು?
ಅರ್ಧ.
ಹಾಗಾದರೆ ಎರಡು ಕೊಂಡುಕೋ.
ನನ್ನ ತೊಟ್ಟಿಯದೂ ಸೋರುತ್ತಿದೆ ಮಗಳೇ,
ಕ್ರಿಸ್ಮಸ್ಸಿನಿಂದ.

ಹಾರ್ಡ್‌ವೇರ್ ಅಂಗಡಿಗೆ ಹಳೇ ಚರ್ಚನ್ನು ಹಾದು ಹೋಗಬೇಕು.
ಅದರ ನೆಲದಲ್ಲಿ ಬಣ್ಣದ ಹರಳಿನ ನಕಾಶೆ,
ಯೊರ್ದನ್ ಹೊಳೆಯ ಮೀನೊಂದು
ಲವಣಸಮುದ್ರದ ಬಾಯಿಂದ ತಿರುಗಿ ಈಜುತ್ತಿದೆ
ಒಂದೂವರೆ ಸಾವಿರ ವರ್ಷದಿಂದ.
ಹೊಳೆ ಈಗ ಹುಡುಗರು ಕಲ್ಲೆಸೆದು ದಾಟಿಸುವಷ್ಟೇ ಅಗಲ.
ಅವನು ಸ್ನಾನದೀಕ್ಷೆಗೆ ಇಳಿದ ನೀರು.
ಯಾರ ಮನೆಯ ತೊಟ್ಟಿಗೆ ಹೋಯಿತೋ ಉಳಿದದ್ದು.

ಶನಿವಾರ ಸ್ಪ್ಯಾನರ್ ಹಿಡಿದು ಮಾಳಿಗೆ ಹತ್ತಿದೆ.
ಏಣಿ ಹಿಡಿದವಳು ಉಮ್ ಯಮಾನ್.
ನಮ್ಮ ತೊಟ್ಟಿಯ ಬುಡದಿಂದ ಅವಳದಕ್ಕೆ ಒಂದು ಹಸಿರು ಪೈಪು.
ಹೊಸ ಗುಂಡು ತೇಲಿತು, ಏರಿತು, ಬಾಯಿ ಮುಚ್ಚಿತು.
ನಿಂತಿತೇ? ಕೆಳಗಿನಿಂದ ಕೂಗಿದಳು.
ನಿಂತಿತು.
ಇಳಿದು ಬಾ, ಕಾಫಿಗಿಟ್ಟಿದ್ದೇನೆ,
ನಿಮ್ಮ ಗೋಡೆಯದೇ ನೀರು, ಮೂರು ಸಲ ಸೋಸಿದ್ದೇನೆ.

ಉಪವಾಸ ಮುಗಿಯಲು ಇನ್ನೂ ಒಂದು ರಾತ್ರಿಯಿತ್ತು.
ಕುಡಿದೆ.
ತಳದ ಗಸಿಯವರೆಗೂ.